ಬೇಗ ಕಣ್ಣುಬಿಟ್ಟ ಸುಂಡಿಲಿ ಮರಿಗಳು

ಸುಂಡಿಲಿಯ ಮರಿ ಹುಟ್ಟುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಹಲ್ಲು ಮೂಡಲು ಅದಕ್ಕೆ 8ರಿಂದ 10 ದಿನ ಬೇಕು, ಕಣ್ಣು ಬಿಡಲು 12ರಿಂದ 14 ದಿನ. 1950ರ ದಶಕದ ಕೊನೆಗೆ, ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ ಈ ಲೆಕ್ಕ ತಪ್ಪಿತು. ಅಲ್ಲಿನ ಮರಿಗಳಿಗೆ ಐದಾರು ದಿನಕ್ಕೇ ಹಲ್ಲು ಬಂದವು. ವಾರ ತುಂಬುವ ಹೊತ್ತಿಗೆ ಕಣ್ಣುಬಿಟ್ಟು ಪಿಳಿಪಿಳಿ ನೋಡತೊಡಗಿದವು.

ಸ್ಟ್ಯಾನ್ಲಿ ಕೋಹನ್ ಆಗ ಅಲ್ಲಿ ರೀಟಾ ಲೆವಿ ಮೊಂಟಾಲ್ಚೀನಿ ಅವರ ಜೊತೆ ಬೇರೆಯದೇ ಕೆಲಸದಲ್ಲಿದ್ದರು. ನರಗಳು ಬೆಳೆಯುವಂತೆ ಮಾಡುವ ಒಂದು ಪದಾರ್ಥವನ್ನು ಶುದ್ಧರೂಪದಲ್ಲಿ ಹಿಡಿಯುವುದು ಅವರಿಬ್ಬರ ಗುರಿ. ಆ ಪದಾರ್ಥ ಹಾವಿನ ವಿಷದಲ್ಲಿ ಹೇರಳವಾಗಿದೆ ಎಂದು ಗೊತ್ತಾಯಿತು. ಹಾವಿಗೆ ವಿಷದ ಗ್ರಂಥಿ ಇರುವ ಹಾಗೆ ಇತರ ಪ್ರಾಣಿಗಳಿಗೆ ಜೊಲ್ಲಿನ ಗ್ರಂಥಿ ಇರುತ್ತದಲ್ಲ, ಅಲ್ಲೂ ಹುಡುಕೋಣ ಎಂದು ಕೋಹನ್ ಗಂಡು ಸುಂಡಿಲಿಯ ಜೊಲ್ಲುಗ್ರಂಥಿಯನ್ನು ಅರೆದು ಸಾರ ತೆಗೆದರು. ಹುಡುಕುತ್ತಿದ್ದ ವಸ್ತು ಅಲ್ಲೂ ಸಿಕ್ಕಿತು. ಇನ್ನೂ ಪೂರ್ತಿ ಶುದ್ಧವಾಗದ ಆ ಸಾರವನ್ನು ಎಳೆಯ ಮರಿಗಳಿಗೆ ಚುಚ್ಚಿದಾಗಲೇ ಅವು ಬೇಗ ಕಣ್ಣುಬಿಟ್ಟದ್ದು. ನರದ ಪದಾರ್ಥಕ್ಕೂ ರೆಪ್ಪೆಗೂ ಸಂಬಂಧವಿಲ್ಲ. ಸಾರದಲ್ಲಿ ಬೇರೇನೋ ಬೆರೆತಿರಬೇಕು. ಕಲಬೆರಕೆ ಎಂದು ಅದನ್ನು ಚೆಲ್ಲಿ ಮುಂದೆ ಹೋಗಬಹುದಿತ್ತು. ಹೆಚ್ಚಿನವರು ಹೋಗುತ್ತಿದ್ದರು. ಕೋಹನ್ ಮಾತ್ರ ಆ ‘ಬೇರೇನೋ’ ಏನು ಎಂಬುದರ ಬೆನ್ನು ಹತ್ತಿ, ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಬಿಡದೆ, 1962ರಲ್ಲಿ ಅದನ್ನು ಬೇರ್ಪಡಿಸಿ ಲೋಕಕ್ಕೆ ತೋರಿಸಿದರು. ಇವತ್ತು ಅದಕ್ಕೆ ಇಜಿಎಫ್ ಎಂದು ಹೆಸರು. 53 ಅಮೈನೊ ಆಮ್ಲಗಳು ಸಾಲಾಗಿ ಕೂಡಿಕೊಂಡ ಪುಟ್ಟ ಸರ ಅದು. ಇಂಥ ಚಿಕ್ಕ ಸರಗಳಿಗೆ ಪೆಪ್ಟೈಡ್ ಎನ್ನುತ್ತಾರೆ, ಉದ್ದವಾಗಿ ಬೆಳೆದು ಮಡಚಿಕೊಂಡರೆ ಪ್ರೋಟೀನ್. ಎರಡರ ನಡುವೆ ಖಚಿತವಾದ ಗಡಿಯೇನೂ ಇಲ್ಲ. ಒಂದು ಕೋಶ ಇದನ್ನು ಹೊರಗೆ ಬಿಡುತ್ತದೆ, ಇನ್ನೊಂದು ಕೋಶದ ಮೈಮೇಲಿನ ಗ್ರಾಹಿಗೆ ಇದು ಹೋಗಿ ಅಂಟುತ್ತದೆ, ಒಳಗೆ ಸಂದೇಶ ಮುಟ್ಟುತ್ತದೆ. ಬೆಳೆ, ಒಡೆದು ಎರಡಾಗು, ಸುಮ್ಮನಿರು ಎಂಬಂಥ ಅಪ್ಪಣೆಗಳು ದೇಹದಲ್ಲಿ ಓಡಾಡುವುದು ಬಹುಮಟ್ಟಿಗೆ ಹೀಗೆ. 1986ರಲ್ಲಿ ಕೋಹನ್ ಮತ್ತು ಲೆವಿ ಮೊಂಟಾಲ್ಚೀನಿ ಇಬ್ಬರಿಗೂ ನೊಬೆಲ್ ಬಂತು.

ಅದೇ 1962ರಲ್ಲಿ ಇನ್ನೊಂದು ಪ್ರಬಂಧ ಬೆಳಕು ಕಂಡಿತು. ಬರೆದವರು ಅಮೆರಿಕದ ಎಂಐಟಿಯಲ್ಲಿದ್ದ ಜೋಸೆಫ್ ಆಲ್ಟ್‌ಮನ್. ಬೆಳೆದ ಸಸ್ತನಿಗಳ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತವೆಯೇ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ಆ ಕಾಲಕ್ಕೆ ಇದು ಕೇಳಬಾರದ ಪ್ರಶ್ನೆ. ನರಕೋಶಗಳನ್ನು ಜಗತ್ತಿಗೆ ಬಿಡಿಸಿ ತೋರಿಸಿದ ಸ್ಪೇನಿನ ರಾಮೊನ್ ಇ ಕಹಾಲ್ ಅವರೇ, ಬೆಳೆದ ಮಿದುಳಿನಲ್ಲಿ ಸಾವು ಉಂಟು, ಮರುಹುಟ್ಟು ಇಲ್ಲ ಎಂಬ ಅಭಿಪ್ರಾಯವನ್ನು ಬಿಟ್ಟು ಹೋಗಿದ್ದರು. ವೈದ್ಯ ವಿದ್ಯಾರ್ಥಿಗಳು ಅದನ್ನೇ ಓದಿ ಪಾಸಾಗುತ್ತಿದ್ದರು.

ಆಲ್ಟ್‌ಮನ್ ಹಿಡಿದ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಕೋಶ ಒಡೆದು ಎರಡಾಗುವ ಮೊದಲು ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ. ಅದಕ್ಕೆ ಥೈಮಿಡಿನ್ ಎಂಬ ಕಚ್ಚಾವಸ್ತು ಬೇಕು. ವಿಕಿರಣ ಸೂಸುವ ಥೈಮಿಡಿನ್ ಅನ್ನು ಇಲಿಗೆ ಚುಚ್ಚಿದರೆ, ಆ ಹೊತ್ತಿಗೆ ಒಡೆಯಲು ಅಣಿಯಾಗಿರುವ ಕೋಶಗಳು ಮಾತ್ರ ಅದನ್ನು ಒಳಗೆಳೆದುಕೊಳ್ಳುತ್ತವೆ. ಆಮೇಲೆ ಮಿದುಳನ್ನು ತೆಳುವಾದ ಹೋಳುಗಳಾಗಿ ಕತ್ತರಿಸಿ, ಗಾಜಿನ ಮೇಲಿಟ್ಟು, ಫೋಟೊ ಫಿಲ್ಮಿಗೆ ಹಚ್ಚುವಂಥ ಲೇಪವನ್ನು ಮೇಲೆ ಸವರಿ, ಕತ್ತಲಲ್ಲಿ ದಿನಗಟ್ಟಲೆ ಇಡಬೇಕು. ವಿಕಿರಣ ಇರುವ ಕಡೆ ಬೆಳ್ಳಿಯ ಕಪ್ಪು ಕಣಗಳು ಮೂಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶದ ಕೇಂದ್ರದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಕಂಡರೆ, ಅದು ಚುಚ್ಚುಮದ್ದು ಕೊಟ್ಟ ಮೇಲೆ ಹುಟ್ಟಿದ ಕೋಶ. ಆಲ್ಟ್‌ಮನ್‌ಗೆ ಅಂಥವು ಕಂಡವು. 1965ರಲ್ಲಿ ಗೋಪಾಲ ದಾಸ್ ಅವರ ಜೊತೆ ಸೇರಿ, ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಹುಟ್ಟಿದ ಮೇಲೂ ನರಕೋಶಗಳು ಸೇರುತ್ತಲೇ ಹೋಗುತ್ತವೆ ಎಂದು ವಿವರವಾಗಿ ಬರೆದರು.

ಹೆಚ್ಚಿನವರು ಅಲ್ಲಗಳೆಯಲೂ ಹೋಗಲಿಲ್ಲ, ಒಪ್ಪಲೂ ಇಲ್ಲ. ಕಾಲು ಶತಮಾನ ಆ ಮಾತು ಹಾಗೇ ಬಿದ್ದಿತ್ತು. 1977ರಲ್ಲಿ ಮೈಕೆಲ್ ಕಪ್ಲನ್ ಮತ್ತು ಜೇಮ್ಸ್ ಹೈಂಡ್ಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಹೊಸ ಕೋಶಗಳನ್ನು ನೋಡಿ, ಹೌದು, ನರಕೋಶಗಳೇ ಎಂದರು. 1983ರಲ್ಲಿ ಫರ್ನಾಂಡೊ ನಾಟೆಬೋಮ್ ಮತ್ತು ಸ್ಟೀವನ್ ಗೋಲ್ಡ್‌ಮನ್ ಕ್ಯಾನರಿ ಹಕ್ಕಿಯ ಮಿದುಳಿನಲ್ಲೂ ಇದನ್ನೇ ತೋರಿಸಿದರು. ಆದರೂ ಎದುರು ವಾದಕ್ಕೆ ಬಲವಿತ್ತು. ನರಕೋಶ ಒಮ್ಮೆ ಬಲಿತರೆ ಮತ್ತೆ ಒಡೆಯುವುದಿಲ್ಲ ಎಂಬುದು ಎಲ್ಲರೂ ಕಂಡ ಸತ್ಯ. ಹಾಗಿದ್ದರೆ ಹೊಸದು ಎಲ್ಲಿಂದ ಬರಬೇಕು? ಆಲ್ಟ್‌ಮನ್ ಕೊಟ್ಟ ಪುರಾವೆಗೆ ತಾಯಿಬೇರು ಇರಲಿಲ್ಲ. ಅವರಿಗೆ ಸಲ್ಲಬೇಕಾದ ಗೌರವ ಬಹಳ ತಡವಾಗಿ ಸಂದಿತು, ಪೂರ್ತಿ ಸಂದಿತು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ.

ತಾಯಿಬೇರು ಸಿಕ್ಕಿದ್ದು 1992ರಲ್ಲಿ, ಕೆನಡಾದ ಕ್ಯಾಲ್ಗರಿಯಲ್ಲಿ. 1962ರ ಎರಡು ಎಳೆಗಳು ಅಲ್ಲಿ ಗಂಟು ಬಿದ್ದವು. ಸ್ಯಾಮ್ಯುಯೆಲ್ ವೈಸ್ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಬ್ರೆಂಟ್ ರೆನಾಲ್ಡ್ಸ್, ಬೆಳೆದ ಸುಂಡಿಲಿಯ ಮಿದುಳಿನ ಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿಟ್ಟು, ಕೋಹನ್ ಕಂಡುಹಿಡಿದ ಅದೇ ಇಜಿಎಫ್ ಹಾಕಿದರು. ಬಹುಪಾಲು ಕೋಶಗಳು ಸತ್ತುಹೋದವು. ಅಪರೂಪಕ್ಕೆ ಅಲ್ಲೊಂದು ಇಲ್ಲೊಂದು ಉಳಿದು, ಒಡೆದು, ಮತ್ತೆ ಒಡೆದು, ನೀರಲ್ಲಿ ತೇಲುವ ಸಣ್ಣ ಉಂಡೆಗಳಾದವು. ಆ ಉಂಡೆಯೊಳಗಿನ ಕೋಶಗಳು ಬಲಿತಾಗ ಕೆಲವು ನರಕೋಶಗಳಾದವು, ಕೆಲವು ನರಕೋಶಕ್ಕೆ ಆಸರೆಯಾಗುವ ಆಸ್ಟ್ರೊಸೈಟ್‌ಗಳಾದವು. ಅಂದರೆ ಬಲಿತ ನರಕೋಶ ಒಡೆಯಬೇಕಾಗಿಯೇ ಇಲ್ಲ. ಅದಕ್ಕೂ ಹಿಂದಿನ, ಇನ್ನೂ ಏನೂ ಆಗದೆ ಉಳಿದ ಒಂದು ಮೂಲ ಕೋಶ ಮಿದುಳಿನಲ್ಲಿದೆ. ಸ್ಟೆಮ್ ಸೆಲ್ ಅಂದರೆ ಇದೇ. ಕನ್ನಡದಲ್ಲಿ ಆಕರಕೋಶ ಎನ್ನುತ್ತೇವೆ. ಮರಿಗಳ ಕಣ್ಣು ಬೇಗ ತೆರೆಸಿದ ಜೊಲ್ಲಿನ ಪೆಪ್ಟೈಡೇ ಮೂವತ್ತು ವರ್ಷದ ನಂತರ ಅದನ್ನು ಎಬ್ಬಿಸಿ ತೋರಿಸಿತು.

ಇಷ್ಟು ಹೊತ್ತು ಹೇಳಿದ ಹಿಪ್ಪೊಕ್ಯಾಂಪಸ್ ನಮಗೇಕೆ ಬೇಕು? ಕೃಷ್ಣಾ ನದಿಯ ದಂಡೆಯ ನಮ್ಮ ಯಡೂರಿನದೇ ಒಂದು ಉದಾಹರಣೆ ಕೊಡುತ್ತೇನೆ. ಕೃಷ್ಣೆಗೆ 2005ರಲ್ಲಿ ಮಹಾಪೂರ ಬಂತು, 2019ರಲ್ಲಿ ಬಂತು, 2021ರಲ್ಲೂ ಬಂತು. ಕಲ್ಲೋಳ–ಯಡೂರು ಬ್ಯಾರೇಜಿನ ಮೇಲೆ ನೀರು ಹರಿಯುವುದಂತೂ ಮಳೆಗಾಲದ ವಾಡಿಕೆಯೇ ಆಗಿಬಿಟ್ಟಿದೆ. ಎಲ್ಲ ಪೂರಗಳೂ ನೋಡಲಿಕ್ಕೆ ಒಂದೇ ತರಹ. ಅದೇ ಕೆಂಪು ನೀರು, ಅದೇ ಮುಳುಗಿದ ಕಬ್ಬು, ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದ ಅದೇ ಗಡಿಬಿಡಿ. ಆದರೂ ಯಾವ ವರ್ಷ ಯಾರ ಗೋಡೆ ಬಿತ್ತು, ಯಾವ ವರ್ಷ ಎಮ್ಮೆ ಹರಿದುಕೊಂಡು ಹೋಯಿತು ಎಂಬುದನ್ನು ಮನಸ್ಸು ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತದೆ. ವಯಸ್ಸಾದಂತೆ ಈ ಗೆರೆಗಳು ಅಳಿಸಿ ಒಂದು ಪೂರ ಇನ್ನೊಂದರಲ್ಲಿ ಕಲಸಿಹೋಗುತ್ತದೆ. ಹಿರಿಯರು ಹೇಳುವ ಕತೆಯಲ್ಲಿ ವರ್ಷಗಳು ಅದಲುಬದಲಾಗುವುದು ಹೀಗೆ. ಹೋಲಿಕೆಯುಳ್ಳ ಎರಡು ನೆನಪುಗಳನ್ನು ಬೇರ್ಪಡಿಸಿ ಇಡುವ ಕೆಲಸದಲ್ಲಿ ಹಿಪ್ಪೊಕ್ಯಾಂಪಸ್‌ನೊಳಗಿನ ಡೆಂಟೇಟ್ ಗೈರಸ್ ಎಂಬ ಮಡಿಕೆಗೆ ಮುಖ್ಯ ಪಾತ್ರವಿದೆ. ಹೊಸ ನರಕೋಶಗಳು ಹುಟ್ಟಿ ಸೇರುವುದೂ ಆ ಮಡಿಕೆಗೇ. 2009ರಲ್ಲಿ ಸುಂಡಿಲಿಗಳ ಡೆಂಟೇಟ್ ಗೈರಸ್‌ನಲ್ಲಿ ಹೊಸ ನರಕೋಶ ಹುಟ್ಟದಂತೆ ತಡೆದು ನೋಡಿದರು. ಹತ್ತಿರ ಹತ್ತಿರ ಇರುವ ಎರಡು ಜಾಗಗಳನ್ನು ಗುರುತಿಸುವಲ್ಲಿ ಅವು ಎಡವಿದವು. ದೂರದೂರ ಇದ್ದರೆ ಎಡವಲಿಲ್ಲ. 2011ರಲ್ಲಿ ಅಮರ್ ಸಹಾಯ್ ಮತ್ತು ಸಂಗಡಿಗರು ಇದರ ತಿರುವುಮುರುವು ಮಾಡಿ, ಹೊಸ ನರಕೋಶಗಳನ್ನು ಹೆಚ್ಚಿಸಿದರೆ ಈ ವಿವೇಚನೆ ಚುರುಕಾಗುತ್ತದೆ ಎಂದು ತೋರಿಸಿದರು.

ಹೀಗಿರುವಾಗ, ವಯಸ್ಸಾದಂತೆ ಆ ಮಡಿಕೆಯಲ್ಲಿ ಏನಾಗುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಇಲಿಗಳಲ್ಲಿ ವಯಸ್ಸಿನ ಜೊತೆ ಹೊಸ ನರಕೋಶಗಳ ಹುಟ್ಟು ಕುಸಿಯುತ್ತದೆ ಎಂದು 1996ರಲ್ಲಿ ಜಾರ್ಜ್ ಕೂನ್, ಫ್ರೆಡ್ ಗೇಜ್ ಮತ್ತಿತರರು ಅಳೆದು ತೋರಿಸಿದ್ದರು. ಯಾಕೆ ಕುಸಿಯುತ್ತದೆ? ಕತೆ ಇಲ್ಲಿ ನಮ್ಮ ಕರಾವಳಿಯ ಕಡೆ ಹೊರಳುತ್ತದೆ.

2001ರಲ್ಲಿ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಿಂದ ಒಂದು ಪ್ರಬಂಧ ಬಂತು. ಶಂಖಪುಷ್ಪದ ಬೇರಿನ ಸಾರವನ್ನು ಇಲಿಮರಿಗಳಿಗೆ 30 ದಿನ ಕುಡಿಸಿದರೆ ಕಲಿಕೆ ಮತ್ತು ನೆನಪು ಸುಧಾರಿಸುತ್ತದೆ ಎಂಬುದು ಅದರ ತಿರುಳು. ಬೇಲಿಯ ಮೇಲೆ ಹಬ್ಬಿ ನೀಲಿ ಹೂ ಬಿಡುವ ಬಳ್ಳಿ ಅದು. ನಮ್ಮ ಗಡಿಭಾಗದಲ್ಲಿ ಮರಾಠಿ ಮಾತಾಡುವವರು ಅದನ್ನು ಗೋಕರ್ಣ ಎನ್ನುತ್ತಾರೆ. ಬರೆದವರಲ್ಲಿ ಕಿರಣ್ಮಯಿ ರೈ ಇದ್ದರು, ಮುದ್ದಣ್ಣ ರಾವ್ ಇದ್ದರು. ಮರುವರ್ಷ ಅದೇ ಬೇರಿನ ಸಾರದಿಂದ ಹಿಪ್ಪೊಕ್ಯಾಂಪಸ್‌ನಲ್ಲಿ ಅಸಿಟೈಲ್‌ಕೋಲಿನ್ ಎಂಬ ನರವಾಹಕ ಹೆಚ್ಚುತ್ತದೆ ಎಂದೂ ತೋರಿಸಿದರು. ಮಣಿಪಾಲದವರು ಒಂದೆಲಗದ ಮೇಲೂ ಇಂಥದೇ ಕೆಲಸ ಮಾಡಿ, ಅದರ ಎಲೆಯ ಸಾರ ಕುಡಿದ ಮರಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶದ ಟಿಸಿಲುಗಳು ಹೆಚ್ಚು ಕವಲೊಡೆದಿರುವುದನ್ನು ಅಳೆದಿದ್ದಾರೆ. ಅಜ್ಜಿಯ ಮಾತನ್ನು ಹಾಗೇ ನಂಬಿಬಿಡದೆ, ಹಾಗೇ ತಳ್ಳಿಯೂ ಹಾಕದೆ, ಒಂದೊಂದು ಟಿಸಿಲನ್ನೂ ಎಣಿಸಿ ನೋಡಿದ ಈ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಇವು ಎಳೆಯ ಇಲಿಗಳ ಮೇಲಿನ ಪ್ರಯೋಗಗಳು ಎಂಬುದು ನೆನಪಿರಲಿ. ಪೇಟೆಯಲ್ಲಿ ‘ಜ್ಞಾಪಕಶಕ್ತಿ’ ಎಂದು ಮಾರುವ ಪುಡಿಗಳಿಗೆ ಇವು ಸರ್ಟಿಫಿಕೇಟ್ ಆಗಲಾರವು.

ಇದೇ ಇಬ್ಬರ ಹೆಸರು ಕೆಲವೇ ವರ್ಷಗಳಲ್ಲಿ ಸಾವಿರಾರು ಮೈಲಿ ಆಚೆ, ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಡರ್ಹಮ್ ಊರಲ್ಲಿ ಕಾಣಿಸಿಕೊಂಡವು. ಅಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಮತ್ತು ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅಶೋಕ್ ಶೆಟ್ಟಿ ಅವರ ಪ್ರಯೋಗಶಾಲೆ ಇತ್ತು. ಭಾರತಿ ಹಟ್ಟಿಯಂಗಡಿ ಅಲ್ಲಿದ್ದರು. ಮುದ್ದಣ್ಣ ರಾವ್ ಮತ್ತು ಕಿರಣ್ಮಯಿ ರೈ ಅಲ್ಲಿ ಕೂಡಿಕೊಂಡರು. ಶೆಟ್ಟಿ, ಹಟ್ಟಿಯಂಗಡಿ, ರಾವ್, ರೈ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂಥ ಹೆಸರುಗಳು, ಮುದಿ ಮಿದುಳಿನ ಆಕರಕೋಶದ ಬಗ್ಗೆ ಜಗತ್ತು ಓದುವ ಪ್ರಬಂಧಗಳ ನೆತ್ತಿಯ ಮೇಲೆ ಕೂತಿವೆ. ಕನ್ನಡದಲ್ಲಿ ಇದನ್ನು ಯಾರೂ ಸರಿಯಾಗಿ ಹೇಳಿಲ್ಲ ಎಂಬ ಕೊರಗಿನಿಂದಲೇ ನಾನು ಇದನ್ನು ಬರೆಯಲು ಕೂತದ್ದು.

ಅವರು ತೆಗೆದುಕೊಂಡದ್ದು ಮೂರು ವಯಸ್ಸಿನ ಇಲಿಗಳನ್ನು. 4 ತಿಂಗಳ ಹರೆಯದವು, 12 ತಿಂಗಳ ನಡುವಯಸ್ಸಿನವು, 24 ತಿಂಗಳ ಮುದಿಯವು. ಹೊಸ ನರಕೋಶವನ್ನು ಗುರುತಿಸಲು ಆಲ್ಟ್‌ಮನ್ ಕಾಲದ ವಿಕಿರಣ ಈಗ ಬೇಕಿರಲಿಲ್ಲ. ಎಳೆಯ ನರಕೋಶದಲ್ಲಿ ಮಾತ್ರ ಇರುವ ಡಬಲ್‌ಕಾರ್ಟಿನ್ ಎಂಬ ಪ್ರೋಟೀನಿಗೆ ಬಣ್ಣ ಹಿಡಿಸಿದರೆ ಸಾಕು, ಗರ್ಭಗುಡಿಯ ಕತ್ತಲಲ್ಲಿ ದೀಪ ಹಚ್ಚಿದ ಹಾಗೆ ಅವು ಕಾಣುತ್ತವೆ. ಹಿಪ್ಪೊಕ್ಯಾಂಪಸ್ ಅನ್ನು ತುದಿಯಿಂದ ತುದಿಗೆ ತೆಳು ಹೋಳು ಮಾಡಿ, ಗೊತ್ತಾದ ಅಂತರಕ್ಕೊಂದರಂತೆ ಹೋಳು ಆರಿಸಿ, ಸೂಕ್ಷ್ಮದರ್ಶಕದಡಿ ಕೋಶ ಎಣಿಸುವುದು. ಹೊರಗಿನವರಿಗೆ ಬೇಸರದ ಕೆಲಸ ಅನ್ನಿಸಬಹುದು. ಈ ಕತೆಯ ತಿರುವುಗಳೆಲ್ಲ ಸಿಕ್ಕಿದ್ದು ಆ ಎಣಿಕೆಯಲ್ಲೇ.

ಮೊದಲ ತಿರುವು: ಕುಸಿತ ಬರುವುದು ಮುದಿತನದಲ್ಲಲ್ಲ, ನಡುವಯಸ್ಸಿನಲ್ಲಿ. 12 ತಿಂಗಳಿಗಾಗಲೇ ಹೊಸ ನರಕೋಶಗಳ ಹುಟ್ಟು ಬಹಳಷ್ಟು ಇಳಿದುಬಿಟ್ಟಿರುತ್ತದೆ. ಎರಡನೆಯದು 2005ರ ಪ್ರಬಂಧದಲ್ಲಿ ಬಂತು. ಮುದಿ ಮಿದುಳಿನಲ್ಲಿ ಹುಟ್ಟಿದ ಅಷ್ಟಿಷ್ಟು ಹೊಸ ಕೋಶಗಳು ತಮ್ಮ ಜಾಗಕ್ಕೆ ಸರಿಯಾಗಿ ಸಾಗುತ್ತವೆ, ಬದುಕಿ ಉಳಿಯುತ್ತವೆ, ನರಕೋಶವೇ ಆಗುತ್ತವೆ. ಟಿಸಿಲು ಚಾಚುವುದರಲ್ಲಿ ಮೊದಮೊದಲು ಸ್ವಲ್ಪ ನಿಧಾನ, ಅಷ್ಟೇ. ಹಾಗಾದರೆ ತೊಂದರೆ ಬೆಳೆಸುವಲ್ಲಿಲ್ಲ, ಹುಟ್ಟಿಸುವಲ್ಲಿದೆ. ಆಕರಕೋಶಗಳೇ ಸತ್ತುಹೋಗಿವೆಯೋ? ಇಲ್ಲ, ಇದ್ದರೂ ಅವಕ್ಕೆ ಕರೆ ಕೇಳಿಸುತ್ತಿಲ್ಲವೋ?

ಕರೆ ಅಂದರೆ ಪೆಪ್ಟೈಡ್‌ಗಳ ಕರೆ. 2005ರಲ್ಲೇ ಅಶೋಕ್ ಶೆಟ್ಟಿ, ಭಾರತಿ ಹಟ್ಟಿಯಂಗಡಿ ಮತ್ತು ಇನ್ನೊಬ್ಬ ಸಂಗಡಿಗರು ‘ಗ್ಲಿಯಾ’ ಪತ್ರಿಕೆಯಲ್ಲಿ ಇದಕ್ಕೆ ಉತ್ತರದ ಒಂದು ತುದಿಯನ್ನು ಇಟ್ಟರು. ಆಕರಕೋಶವನ್ನು ಒಡೆಯಲು ಹುರಿದುಂಬಿಸುವ ಮೂರು ಪದಾರ್ಥಗಳ ಮೇಲೆ ಅವರ ಕಣ್ಣಿತ್ತು: ಎಫ್‌ಜಿಎಫ್-2, ಐಜಿಎಫ್-1, ವಿಇಜಿಎಫ್. ಐಜಿಎಫ್-1 ನಮ್ಮ ಇನ್ಸುಲಿನ್ನಿನ ದಾಯಾದಿ, 70 ಅಮೈನೊ ಆಮ್ಲಗಳ ಸರ. ಉಳಿದೆರಡು ಇನ್ನೂ ಉದ್ದದವು. ಮೂರೂ ನಡುವಯಸ್ಸಿಗೇ ಇಳಿದಿದ್ದವು. ಹೊಸ ನರಕೋಶಗಳ ಹುಟ್ಟು ಕುಸಿಯುವ ವಯಸ್ಸೂ, ಈ ಮೂರರ ಮಟ್ಟ ಇಳಿಯುವ ವಯಸ್ಸೂ ಒಂದೇ ಆಯಿತು. ಎಫ್‌ಜಿಎಫ್-2 ಅನ್ನು ಇಟ್ಟುಕೊಂಡಿರುವುದು ಆಸ್ಟ್ರೊಸೈಟ್‌ಗಳು. ಅವುಗಳನ್ನೂ ಎಣಿಸಿ ನೋಡಿದಾಗ, ಆಸ್ಟ್ರೊಸೈಟ್‌ಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ, ಎಫ್‌ಜಿಎಫ್-2 ಇಟ್ಟುಕೊಂಡಿರುವ ಆಸ್ಟ್ರೊಸೈಟ್‌ಗಳು ಮಾತ್ರ ಕಡಿಮೆಯಾಗಿದ್ದವು.

ಎರಡು ಒಟ್ಟಿಗೆ ಇಳಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಕಡಿಮೆಯಾದದ್ದನ್ನು ಹಿಂದಕ್ಕೆ ಕೊಟ್ಟು ನೋಡಬೇಕು. ಆ ಕೆಲಸ ಕಿರಣ್ಮಯಿ ರೈ ಮೊದಲ ಹೆಸರಾಗಿರುವ 2007ರ ಪ್ರಬಂಧದಲ್ಲಿದೆ. ನಡುವಯಸ್ಸಿನ ಇಲಿಗಳ ಮಿದುಳಿನೊಳಗಿನ ದ್ರವದ ಕುಹರಕ್ಕೆ ಎಫ್‌ಜಿಎಫ್-2 ಅನ್ನು ದಿನಗಟ್ಟಲೆ ನಿಧಾನವಾಗಿ ಊಡಿಸಿದರು. ಡೆಂಟೇಟ್ ಗೈರಸ್‌ನಲ್ಲಿ ಹೊಸ ನರಕೋಶಗಳ ಹುಟ್ಟು ಹೆಚ್ಚಿತು, ಅವುಗಳ ಟಿಸಿಲುಗಳೂ ಹೆಚ್ಚು ಬೆಳೆದವು. ಮಣಿಪಾಲದಲ್ಲಿ ಶಂಖಪುಷ್ಪ ಕುಡಿದ ಮರಿಗಳ ನೆನಪಿನಿಂದ ಶುರುವಾದ ಹುಡುಕಾಟ ಒಂದು ಹೆಸರುಳ್ಳ ಅಣುವಿನ ತನಕ ಬಂದು ನಿಂತಿತ್ತು. ಐಜಿಎಫ್-1 ಊಡಿಸಿದರೂ ಮುದಿ ಇಲಿಗಳಲ್ಲಿ ಹೊಸ ನರಕೋಶ ಹೆಚ್ಚುತ್ತವೆ ಎಂದು ಬೇರೊಂದು ತಂಡ 2001ರಲ್ಲೇ ತೋರಿಸಿತ್ತು.

ನನ್ನ ದೃಷ್ಟಿಯಲ್ಲಿ ಈ ಸಾಲಿನ ಕಿರೀಟಪ್ರಾಯವಾದ ಕೆಲಸ 2008ರದು. ಹಟ್ಟಿಯಂಗಡಿ ಮತ್ತು ಶೆಟ್ಟಿ ಇಬ್ಬರೇ ಬರೆದದ್ದು. ಆಕರಕೋಶಗಳನ್ನು ಸಾಕ್ಸ್-2 ಎಂಬ ಗುರುತಿನಿಂದ ಬಣ್ಣ ಹಿಡಿಸಿ ಮೂರೂ ವಯಸ್ಸಿನವುಗಳಲ್ಲಿ ಎಣಿಸಿದರು. ಹರೆಯದ ಇಲಿಯಲ್ಲಿ ಅವು ಸುಮಾರು 50,000. ನಡುವಯಸ್ಸಿನಲ್ಲೂ ಮುದಿತನದಲ್ಲೂ ಹೆಚ್ಚುಕಡಿಮೆ ಅಷ್ಟೇ! ಒಡೆಯುತ್ತಿರುವ ಕೋಶಗಳಿಗೆ ಬೇರೆ ಬಣ್ಣ ಹಿಡಿಸಿ ಹೊಂದಿಸಿ ನೋಡಿದಾಗ ವ್ಯತ್ಯಾಸ ಎದ್ದು ಕಂಡಿತು. ವಯಸ್ಸಾದಂತೆ ಕೆಲಸಕ್ಕೆ ಎದ್ದವುಗಳ ಪಾಲು ತೀರಾ ಇಳಿಯುತ್ತದೆ, ಮಲಗಿದವುಗಳ ಪಾಲು ಏರುತ್ತದೆ. ಸತ್ತಿಲ್ಲ, ಮಲಗಿವೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಕೈಚೆಲ್ಲಿ ಕೂತಿರುವ ಮನೆಮಂದಿಗೆ ಈ ಎರಡು ಶಬ್ದಗಳ ನಡುವಿನ ಅಂತರ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸುಂಡಿಲಿಗಳ ಲೆಕ್ಕ ಇಷ್ಟು ಸಲೀಸಾಗಿ ಕೂಡಲಿಲ್ಲ ಎಂಬುದನ್ನೂ ಹೇಳಬೇಕು. 2011ರಲ್ಲಿ ಹ್ವಾನ್ ಎನ್ಸಿನಾಸ್ ಮತ್ತು ಸಂಗಡಿಗರು, ಸುಂಡಿಲಿಯ ಆಕರಕೋಶ ಒಮ್ಮೆ ಎದ್ದು ಕೆಲವು ಸಲ ಒಡೆದು ಆಮೇಲೆ ಆಸ್ಟ್ರೊಸೈಟ್ ಆಗಿಬಿಡುತ್ತದೆ, ಹೀಗೆ ದಾಸ್ತಾನು ಖರ್ಚಾಗುತ್ತ ಹೋಗುತ್ತದೆ ಎಂದರು. ಅದೇ ವರ್ಷ ಮೈಕೆಲ್ ಬೊನಗ್ವಿಡಿ ಮತ್ತಿತರರು, ಕೆಲವು ಆಕರಕೋಶಗಳು ತಮ್ಮನ್ನು ತಾವೇ ಮತ್ತೆ ತುಂಬಿಕೊಳ್ಳುತ್ತವೆ ಎಂದು ತೋರಿಸಿದರು. ಇದರಲ್ಲಿ ಒಂದು ಎಚ್ಚರಿಕೆ ಇದೆ. ಮಲಗಿದ್ದನ್ನೆಲ್ಲ ಒಮ್ಮೆಲೇ ಎಬ್ಬಿಸಿಬಿಟ್ಟರೆ ನಾಳೆಗೆ ಉಳಿಯುವುದೇನು? ಎಬ್ಬಿಸುವುದೂ ಬೇಕು, ಮೂಲವೂ ಉಳಿಯಬೇಕು. ಅಂಥ ಕರೆಯೊಂದು ಮಿದುಳಿನಲ್ಲಿ ಇದೆಯೇ?

ಇದಕ್ಕೆ ಉತ್ತರ ಬಂದ ದಾರಿ ವಿಚಿತ್ರ. ನಿದ್ದೆಗೂ ಆತಂಕಕ್ಕೂ ಡಾಕ್ಟರು ಬರೆದುಕೊಡುವ ಡಯಜೆಪಾಮ್ ಗುಳಿಗೆಯ ಹೆಸರು ಹೆಚ್ಚಿನವರು ಕೇಳಿರುತ್ತಾರೆ. ಅದು ಮಿದುಳಿನ ಗಾಬಾ ಎಂಬ ರಾಸಾಯನಿಕದ ಗ್ರಾಹಿಯ ಮೇಲೆ ಒಂದು ಕಡೆ ಕೂತು ಗಾಬಾದ ಪ್ರಭಾವ ಹೆಚ್ಚಿಸುತ್ತದೆ. ಗಾಬಾ ನರಕೋಶಗಳನ್ನು ತಣ್ಣಗಾಗಿಸುವ ವಸ್ತು. ಮನುಷ್ಯ ಮಾಡಿದ ಗುಳಿಗೆಗೆ ಮಿದುಳಿನಲ್ಲಿ ಮೊದಲೇ ಕೂರುವ ಜಾಗ ಇದೆ ಎಂದರೆ, ಆ ಜಾಗಕ್ಕೆಂದೇ ಮಿದುಳು ಮಾಡಿಕೊಂಡ ಸ್ವಂತದ ವಸ್ತುವೂ ಇರಬೇಕಲ್ಲ? ಅಲೆಸ್ಸಾಂಡ್ರೊ ಗ್ವಿಡೊಟ್ಟಿ, ಎರ್ಮಿನಿಯೊ ಕೋಸ್ಟ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಅದನ್ನು ಹುಡುಕಿ 1983ರಲ್ಲಿ ಒಂದು ಪೆಪ್ಟೈಡ್ ಹಿಡಿದರು. ಡಯಜೆಪಾಮ್ ಕೂರುವ ಜಾಗದಿಂದ ಅದನ್ನು ಇದು ಎಬ್ಬಿಸುತ್ತಿತ್ತು. ಹಾಗಾಗಿ ಡಿಬಿಐ (ಡಯಜೆಪಾಮ್ ಬೈಂಡಿಂಗ್ ಇನ್‌ಹಿಬಿಟರ್) ಎಂದು ಹೆಸರಿಟ್ಟರು. ಇದು ತುಂಡಾದಾಗ ಸಿಗುವ 18 ಅಮೈನೊ ಆಮ್ಲಗಳ ಚೂರಿಗೆ ಒಡಿಎನ್ ಎನ್ನುತ್ತಾರೆ. ಆಗ ಆಕರಕೋಶದ ಮಾತೇ ಇರಲಿಲ್ಲ. ಎಲ್ಲರ ಗಮನ ಆತಂಕದ ಮೇಲಿತ್ತು.

2012ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜುವಾನ್ ಸಾಂಗ್, ಗ್ವೋ-ಲಿ ಮಿಂಗ್, ಹಾಂಗ್‌ಜುನ್ ಸಾಂಗ್ ಇವರ ತಂಡ, ಸುಂಡಿಲಿಯ ಡೆಂಟೇಟ್ ಗೈರಸ್‌ನ ಆಕರಕೋಶಗಳನ್ನು ಮಲಗಿಸಿ ಇಡುವುದು ಗಾಬಾ ಎಂದು ತೋರಿಸಿತು. ನೆರೆಯ ನರಕೋಶಗಳು ಗಾಬಾ ಸುರಿಸುತ್ತಿರುವ ತನಕ ಆಕರಕೋಶ ಮಿಸುಕುವುದಿಲ್ಲ. ಅದೇ ವರ್ಷ ಜರ್ಮನಿಯ ಹೈಡೆಲ್‌ಬರ್ಗ್‌ನ ಹಾನಾ ಮೊನ್ಯೆರ್ ಅವರ ತಂಡ, ಮಿದುಳಿನ ಕುಹರದ ಅಂಚಿನಲ್ಲಿರುವ ಆಕರಕೋಶಗಳು ಮತ್ತು ಅವುಗಳ ಮರಿಕೋಶಗಳು ತಾವೇ ಡಿಬಿಐ ಮಾಡಿಕೊಂಡು ಗಾಬಾದ ಹಿಡಿತವನ್ನು ಸಡಿಲಿಸಿಕೊಳ್ಳುತ್ತವೆ ಎಂದು ಕಂಡಿತು. 2017ರಲ್ಲಿ ಇಯೊನಟ್ ದುಮಿತ್ರು ಮತ್ತು ಮೊನ್ಯೆರ್ ಅವರ ಸಂಗಡಿಗರು ಹಿಪ್ಪೊಕ್ಯಾಂಪಸ್‌ನಲ್ಲೂ ಇದನ್ನೇ ನೋಡಿದರು. ಡಿಬಿಐ ಹೆಚ್ಚಿದರೆ ಆಕರಕೋಶಗಳ ಬಳಗವೇ ಹೆಚ್ಚುತ್ತದೆ, ಡಿಬಿಐ ಕಡಿಮೆ ಮಾಡಿದರೆ ಇದರ ವಿರುದ್ಧ. ಆಟದ ಸಾಮಾನು, ಸಂಗಾತಿಗಳು, ಓಡಾಡಲು ಜಾಗ ಇರುವ ದೊಡ್ಡ ಪಂಜರದಲ್ಲಿಟ್ಟರೆ ಸುಂಡಿಲಿಗಳಲ್ಲಿ ಹೊಸ ನರಕೋಶ ಹೆಚ್ಚುತ್ತವೆ ಎಂಬುದು 1997ರಿಂದಲೇ ಗೊತ್ತಿತ್ತು. ಹೊರಗಿನ ಆ ಲವಲವಿಕೆ ಒಳಗಿನ ಆಕರಕೋಶಕ್ಕೆ ಮುಟ್ಟುವ ದಾರಿಯಲ್ಲಿ ಈ ಪುಟ್ಟ ಪೆಪ್ಟೈಡ್ ನಿಂತಿದೆ.

ನಮ್ಮ ಕಬ್ಬಿನ ಗದ್ದೆಯಲ್ಲಿ ಇದನ್ನು ಹೋಲುವುದು ಪ್ರತಿ ಹಂಗಾಮಿಗೂ ನಡೆಯುತ್ತದೆ. ಕಬ್ಬು ನಿಂತಿರುವ ತನಕ ಬುಡದ ಕಣ್ಣುಗಳು ಚಿಗುರುವುದಿಲ್ಲ. ಸುಳಿಯಿಂದ ಇಳಿದು ಬರುವ ಆಕ್ಸಿನ್ ಅವುಗಳನ್ನು ಅಮುಕಿ ಹಿಡಿದಿರುತ್ತದೆ. ಕಬ್ಬು ಕಡಿದು ಕಾರ್ಖಾನೆಗೆ ಕಳಿಸಿ, ರವದಿ ಸರಿಸಿ, ನೀರು ಬಿಟ್ಟರೆ ಕೂಳೆ ಎದ್ದು ಬರುತ್ತದೆ. ರೈತ ಹೊಸ ಬೀಜ ನೆಡಬೇಕಾಗಿಲ್ಲ, ತಡೆ ತೆಗೆದರೆ ಸಾಕು.

ಮನುಷ್ಯನ ಮಿದುಳಿನ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. 1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್ಸನ್, ಫ್ರೆಡ್ ಗೇಜ್ ಮತ್ತಿತರರು, ಗಡ್ಡೆಯ ಬೆಳವಣಿಗೆ ಅಳೆಯಲೆಂದು ಒಂದು ಗುರುತಿನ ರಾಸಾಯನಿಕ ಪಡೆದಿದ್ದ ಕ್ಯಾನ್ಸರ್ ರೋಗಿಗಳ ಮಿದುಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿ, ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳನ್ನು ಕಂಡರು. 2018ರಲ್ಲಿ ಒಂದು ತಂಡ ದೊಡ್ಡವರಲ್ಲಿ ಅವು ಕಾಣಸಿಗುವುದೇ ಇಲ್ಲ ಎಂದಿತು. ಒಂದೇ ತಿಂಗಳೊಳಗೆ ಇನ್ನೊಂದು ತಂಡ 79ರ ವಯಸ್ಸಿನವರಲ್ಲೂ ಇವೆ ಎಂದಿತು. 2019ರಲ್ಲಿ ಸ್ಪೇನಿನ ತಂಡವೊಂದು 87ರ ತನಕ ಕಂಡು, ಆಲ್ಝೈಮರ್ಸ್ ಕಾಯಿಲೆಯಲ್ಲಿ ಅವು ಬಹಳ ಕಡಿಮೆ ಎಂದು ವರದಿ ಮಾಡಿತು. ಸಾವಿನ ನಂತರ ಮಿದುಳು ಎಷ್ಟು ಹೊತ್ತಿಗೆ, ಹೇಗೆ ಕೆಡದಂತೆ ಕಾಪಾಡಲ್ಪಟ್ಟಿತು ಎಂಬುದರ ಮೇಲೆಯೇ ಈ ಜಗಳದ ಬಹುಪಾಲು ನಿಂತಿದೆ. ಇಂಥ ಪ್ರಶ್ನೆ ಬಗೆಹರಿಯಬೇಕಾದರೆ ಮಿದುಳು ದಾನ ಮಾಡುವ ಜನ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಮಾನವ ಮಿದುಳು ಬ್ಯಾಂಕ್ ಇದೆ. ಕಣ್ಣು ದಾನಕ್ಕೆ ಹೆಸರು ಬರೆಸುವ ನಮ್ಮ ಜನ ಇದನ್ನೂ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಔಷಧಿಯ ಮಾತು ಬಂದಾಗ ಇನ್ನೊಂದು ಅಡ್ಡಿ ಇದೆ. ಎಫ್‌ಜಿಎಫ್-2ನಂಥ ದೊಡ್ಡ ಅಣುಗಳು ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟುವುದಿಲ್ಲ. ಕೋಶ ಒಡೆಯಲು ಹುರಿದುಂಬಿಸುವ ವಸ್ತು ಗಡ್ಡೆಗಳನ್ನೂ ಹುರಿದುಂಬಿಸಬಹುದು ಎಂಬ ಭಯವೂ ಉಂಟು. ತಲೆಬುರುಡೆ ಕೊರೆದು ಊಡಿಸುವುದು ಇಲಿಗೆ ಸರಿ, ಮನೆಯ ಹಿರಿಯರಿಗೆ ಆಗದು. ಅಶೋಕ್ ಶೆಟ್ಟಿಯವರು ಟೆಕ್ಸಾಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅವರ ತಂಡ ಹಿಡಿದದ್ದು ಮೂಗಿನ ದಾರಿ. ಆಕರಕೋಶಗಳು ಹೊರಗೆ ಬಿಡುವ, ಪ್ರೋಟೀನು ಮತ್ತಿತರ ಸಂದೇಶಗಳನ್ನು ತುಂಬಿಕೊಂಡ ಅತಿಸಣ್ಣ ಚೀಲಗಳನ್ನು ಬೇರ್ಪಡಿಸಿ, ಅಪಸ್ಮಾರದ ದೊಡ್ಡ ಸೆಳವಿಗೆ ಒಳಗಾದ ಸುಂಡಿಲಿಗಳ ಮೂಗಿಗೆ ಹನಿ ಹಾಕಿದರು. 6 ಗಂಟೆಯೊಳಗೆ ಆ ಚೀಲಗಳು ಹಿಪ್ಪೊಕ್ಯಾಂಪಸ್ ಮುಟ್ಟಿದವು. ಉರಿಯೂತ ತಗ್ಗಿತು, ಹೊಸ ನರಕೋಶಗಳ ಹುಟ್ಟು ಹಳಿ ತಪ್ಪಲಿಲ್ಲ, ನೆನಪಿನ ಪರೀಕ್ಷೆಯಲ್ಲಿ ಆ ಸುಂಡಿಲಿಗಳು ಸೋಲಲಿಲ್ಲ. 2017ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಭಾರತಿ ಹಟ್ಟಿಯಂಗಡಿ ಅವರ ಹೆಸರಿದೆ, ದಿನೇಶ್ ಉಪಾಧ್ಯ ಅವರ ಹೆಸರೂ ಇದೆ. ಉಪಾಧ್ಯ ಅವರು ಆಮೇಲೆ ಮಣಿಪಾಲಕ್ಕೆ ಬಂದು, ಕಸ್ತೂರಬಾ ಮೆಡಿಕಲ್ ಕಾಲೇಜಿನ ಸೆಂಟರ್ ಫಾರ್ ಮಾಲಿಕ್ಯುಲರ್ ನ್ಯೂರೋಸೈನ್ಸಸ್‌ನಲ್ಲಿ ಇದೇ ಚೀಲಗಳ ಮೇಲೆ ಕೆಲಸ ಮುಂದುವರಿಸಿದ್ದಾರೆ.